ಕೊಕ್ಕರೆ ಬೆಳ್ಳೂರಿನಲ್ಲಿ ಭಾನುವಾರದ ಸ್ವಯಂಸೇವೆ: ನಮ್ಮಂಥವರಿಂದ ಉಪಯೋಗವಾ, ಬರೀ ಉಪದ್ರವವಾ?

ಭಾನುವಾರದವನು
ಎಲ್ಲರಿಗೂ ನಮಸ್ಕಾರ. ನಾನಿರುವುದು ಕೆಂಗೇರಿಯಲ್ಲಿ, ಅಮ್ಮನ ಊರು ಮದ್ದೂರು ಕಡೆ. ಹೋದ ತಿಂಗಳು ಊರಿಗೆ ಹೋದಾಗ ಮಗಳನ್ನು ಕರೆದುಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಒಂದು ಮನೆಯ ಹಿತ್ತಲಲ್ಲಿ ಹುಣಸೆಮರ. ಅದರ ಮೇಲಿಂದ ಏನೋ ಧೊಪ್ಪನೆ ಬಿತ್ತು. ನೋಡಿದರೆ ಹಕ್ಕಿ ಮರಿ. ಮೈಮೇಲೆ ಬಿಳಿ ತುಪ್ಪಳ, ಕಾಲು ಪುಟ್ಟದು, ಕೊಕ್ಕು ಮಾತ್ರ ಯಾರದ್ದೋ ದೊಡ್ಡವರದ್ದು ಕಡ ತಂದ ಹಾಗೆ. ನಾವು ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಅಷ್ಟರಲ್ಲಿ ಲುಂಗಿ ಉಟ್ಟವರೊಬ್ಬರು ಬಂದರು. ಹೆಗಲ ಮೇಲಿನ ಟವೆಲ್ ತೆಗೆದು ಅದರ ತಲೆ ಮೇಲೆ ಹಾಕಿದರು, ಒಂದು ಕೈಲಿ ಕೊಕ್ಕು ಹಿಡಿದರು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡು ಹೋಗೇಬಿಟ್ಟರು. ಅರ್ಧ ನಿಮಿಷವೂ ಆಗಿರಲಿಲ್ಲ. ಹಾಗೆ ಬಿದ್ದ ಮರಿಗಳನ್ನು ಬೇಲಿ ಕಟ್ಟಿದ ಜಾಗದಲ್ಲಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರಂತೆ.

ಅವತ್ತಿನಿಂದ ಮಗಳದ್ದು ಒಂದೇ ಹಟ. "ಅಪ್ಪ, ನಾವೂ ಆ ಕೆಲಸ ಮಾಡೋಣ." ಅವಳಿಗೆ ಒಂಬತ್ತು ವರ್ಷ.

ನನಗೆ ಒಂದು ಕೆಟ್ಟ ಅನುಭವ ಆಗಿದೆ, ಅದಕ್ಕೇ ಕೇಳುತ್ತಿರುವುದು. ಹಿಂದೆ ಬೆಂಗಳೂರಿನ ಹೊರಗೆ ಒಂದು ಖಾಸಗಿ ಜಾಗಕ್ಕೆ "ಒಂದು ದಿನದ ಸ್ವಯಂಸೇವಕ" ಅಂತ ತಲೆಗೆ 1,500 ರೂಪಾಯಿ ಕೊಟ್ಟು ಹೋಗಿದ್ದೆವು. ಟೀ ಶರ್ಟ್ ಕೊಟ್ಟರು, ಪ್ರಮಾಣಪತ್ರ ಕೊಟ್ಟರು, ಆಮೆ ಕೈಗೆ ಕೊಟ್ಟು ಫೋಟೋ ತೆಗೆದರು. ಕೆಲಸ ಅಂತ ಒಂದು ಸೊಪ್ಪಿನ ಕಂತೆಯನ್ನು ಈ ಕಡೆಯಿಂದ ಆ ಕಡೆ ಇಟ್ಟೆವು, ಅಷ್ಟೇ. ನಾಚಿಕೆಯಾಯಿತು.

ತಿಂಗಳಿಗೆ ಒಂದೋ ಎರಡೋ ಭಾನುವಾರ ಬಿಡುವು ಮಾಡಿಕೊಳ್ಳಬಹುದು. ಯಾರನ್ನು ಕೇಳಬೇಕು? ಏನು ಮಾಡಿಸುತ್ತಾರೆ? ಅಥವಾ ನಾವು ಹೋಗದೇ ಇರುವುದೇ ದೊಡ್ಡ ಸೇವೆಯಾ?

ಸೈಕಲ್ ಸವಾರ
ಮೊದಲು ಕ್ಯಾಮೆರಾ ಮನೆಯಲ್ಲಿಟ್ಟು ಹೋಗಿ. ಅರ್ಧ ಸೇವೆ ಅಲ್ಲೇ ಆಯಿತು.

ಬಾಯ್ಕಳಕ
ಒಂದು ಸಣ್ಣ ತಿದ್ದುಪಡಿ. ತುಂಬ ಜನ ಇದನ್ನು ಪಕ್ಷಿಧಾಮ ಅನ್ನುತ್ತಾರೆ. ರಂಗನತಿಟ್ಟು ಪಕ್ಷಿಧಾಮ, 1940ರಲ್ಲಿ ಘೋಷಣೆಯಾದದ್ದು. ಕೊಕ್ಕರೆ ಬೆಳ್ಳೂರು "ಸಮುದಾಯ ಮೀಸಲು", 2007ರಲ್ಲಿ ಆದದ್ದು. ಹೆಸರಿನ ವ್ಯತ್ಯಾಸ ಅಷ್ಟೇ ಅಂದುಕೊಳ್ಳಬೇಡಿ. ಧಾಮದಲ್ಲಿ ಗೇಟು, ಟಿಕೆಟ್ಟು, ದೋಣಿ ಎಲ್ಲ ಇಲಾಖೆಯದ್ದು. ಇಲ್ಲಿ ಮರ ಊರವರದ್ದು, ಹಿತ್ತಲು ಊರವರದ್ದು, ಗೂಡು ಮಾತ್ರ ಹಕ್ಕಿಯದ್ದು. ವನ್ಯಜೀವಿ ಕಾಯ್ದೆಗೆ ಈ "ಸಮುದಾಯ ಮೀಸಲು" ಅನ್ನುವುದು ಸೇರಿದ್ದೇ 2002ರ ತಿದ್ದುಪಡಿಯಲ್ಲಿ. ಹಾಗಾಗಿ ಇಲ್ಲಿ ಕೇಳಬೇಕಾದವರು ಇಬ್ಬರು: ಅರಣ್ಯ ಇಲಾಖೆ, ಮತ್ತು ಮರದ ಯಜಮಾನ.

ಹುಣಸೆಮರದ ಕೆಳಗೆ
ನಾನು ಆ ಕಡೆಯವನೇ, ಈಗ ಮೈಸೂರಲ್ಲಿದ್ದೇನೆ. ಎರಡು ಮಾತು ಹೇಳುತ್ತೇನೆ, ಉದ್ದ ಆದರೆ ಬೈಯಬೇಡಿ.

ನೀವು ನೋಡಿದ್ದು ಹೆಜ್ಜಾರ್ಲೆ ಮರಿ, ಇಂಗ್ಲಿಷಿನಲ್ಲಿ ಪೆಲಿಕನ್ ಅನ್ನುತ್ತಾರಲ್ಲ, ಅದು. ಊರಿನ ಹೆಸರಲ್ಲಿ ಕೊಕ್ಕರೆ ಇದೆ, ಬಣ್ಣದ ಕೊಕ್ಕರೆಯೂ ಬರುತ್ತದೆ, ಆದರೆ ಈ ಊರಿನ ಹೆಸರು ಹೊರಗೆ ಕೇಳಿದ್ದು ಹೆಜ್ಜಾರ್ಲೆಯಿಂದ. ಮಳೆಗಾಲ ಮುಗಿದ ಮೇಲೆ ಬರುತ್ತವೆ, ಬೇಸಿಗೆ ಕೊನೆಗೆ ಹೊರಡುತ್ತವೆ. ನಮ್ಮಜ್ಜಿ "ಹೆಣ್ಮಕ್ಕಳು ಬಾಣಂತನಕ್ಕೆ ಬಂದವೆ" ಅನ್ನುತ್ತಿದ್ದರು. ತವರಿಗೆ ಬಂದ ಮಗಳನ್ನು ಯಾರಾದರೂ ಕಲ್ಲು ಹೊಡೆದು ಓಡಿಸುತ್ತಾರಾ? ಇದು ಪೇಪರಿನವರು ಕಟ್ಟಿದ ಮಾತಲ್ಲ, ಮನೆಯಲ್ಲಿ ಆಡುತ್ತಿದ್ದ ಮಾತು. ಹಿಂದೆ ಊರು ಶಿಂಷಾ ಹೊಳೆ ಪಕ್ಕದಲ್ಲೇ ಇತ್ತಂತೆ. ಪ್ಲೇಗ್ ಬಂದು ಜನ ಊರು ಬಿಟ್ಟು ಈಚೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ.

ಆದರೆ ಸುಮ್ನೆ ಭಾವುಕರಾಗಿ ಬರಬೇಡಿ. ಮಗಳ ಬಾಣಂತನ ಮಾಡಿದವರಿಗೆ ಗೊತ್ತು, ಅದೆಷ್ಟು ಕೆಲಸ ಅಂತ. ಮರದ ಕೆಳಗೆ ಮನೆ ಇರುವವರ ಹೆಂಚಿನ ಮೇಲೆ ಹಿಕ್ಕೆ ಸುಣ್ಣದ ಹಾಗೆ ಇಳಿದಿರುತ್ತದೆ. ಒಣಗಲು ಹಾಕಿದ ಬಟ್ಟೆ ಹೋಯಿತು. ಬಿದ್ದ ಮೀನು ಕೊಳೆತು ವಾಸನೆ. ಇಡೀ ಮರಕ್ಕೆ ಗೂಡು ಕಟ್ಟಿದರೆ ಆ ವರ್ಷ ಹುಣಸೆಹಣ್ಣು ಬಡಿಯುವ ಹಾಗಿಲ್ಲ. ಅದಕ್ಕೆ ಅರಣ್ಯ ಇಲಾಖೆ ಮರದ ಯಜಮಾನರಿಗೆ ಪರಿಹಾರ ಅಂತ ಕೊಡುತ್ತದೆ. ಹಿಂದೆ ಹಿಕ್ಕೆ ಬೀಳುವಲ್ಲಿ ಗುಂಡಿ ತೋಡಿ, ಮಣ್ಣಿನ ಜೊತೆ ಸೇರಿಸಿ ಗದ್ದೆಗೆ ಗೊಬ್ಬರ ಮಾಡುತ್ತಿದ್ದರು. ಒಳ್ಳೇ ಗೊಬ್ಬರ. ಈಗ ಅಷ್ಟು ತಾಳ್ಮೆ ಯಾರಿಗಿದೆ?

ಮರಿ ಸಾಕುವ ಕೆಲಸ ಶುರು ಮಾಡಿದ್ದು ಊರ ಹುಡುಗರು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜೊತೆ ಸೇರಿ "ಹೆಜ್ಜಾರ್ಲೆ ಬಳಗ" ಅಂತ ಕಟ್ಟಿಕೊಂಡರು. ಸ್ವಯಂಸೇವೆ ಅನ್ನುವ ಪದ ನಮ್ಮೂರಿಗೆ ಬರುವ ಮೊದಲೇ ಆ ಕೆಲಸ ಇತ್ತು ಅನ್ನಿ. ನೀವು ಬನ್ನಿ. ಆದರೆ ಹಕ್ಕಿ ಸೇವೆಗೆ ಬರುತ್ತೇನೆ ಅನ್ನಬೇಡಿ. ಮರ ಇರುವ ಮನೆಯವರ ಹಿತ್ತಲು ಗುಡಿಸಿಕೊಡುತ್ತೀರಾ? ಅದನ್ನು ಹೇಳಿ.

ಮದ್ದೂರು ಎಕ್ಸ್‌ಪ್ರೆಸ್
@ಹುಣಸೆಮರದ ಕೆಳಗೆ ಅಣ್ಣ, ಕೊನೆ ಸಾಲು ಚಾಟಿ ಏಟು 😄

ವಾಚರ್ ಮಗ
ನಾನು ಸ್ವಲ್ಪ ಕಹಿಯಾಗಿ ಮಾತಾಡುತ್ತೇನೆ. ನಮ್ಮಪ್ಪ ಬೇರೆ ಜಿಲ್ಲೆಯ ಒಂದು ಕಾಡಿನಲ್ಲಿ ದಿನಗೂಲಿ ವಾಚರ್ ಆಗಿದ್ದವರು. ಯಾವ ಕಾಡು ಅಂತ ಬೇಡ. ಸ್ವಯಂಸೇವಕರು ಬರುತ್ತಾರೆ ಅಂದರೆ ಅಪ್ಪನಿಗೆ ಹಿಂದಿನ ದಿನವೇ ತಲೆನೋವು. ನೀರು ಹೊರಬೇಕು, ಕಾಫಿ ಕಾಯಿಸಬೇಕು, ಯಾರದ್ದೋ ಶೂ ಕಚ್ಚಿ ಗುಳ್ಳೆ ಎದ್ದರೆ ಅವರ ಬ್ಯಾಗೂ ಹೊರಬೇಕು. ಅವರು ಎರಡು ದಿನ ಇದ್ದು, ಜಿಗಣೆ ಕಚ್ಚಿದ ಕಾಲಿನ ಫೋಟೋ ಹಾಕಿ, "ಕಾಡು ನನ್ನನ್ನು ಬದಲಿಸಿತು" ಅಂತ ಬರೆದುಕೊಂಡು ಹೋಗುತ್ತಿದ್ದರು. ಅಪ್ಪನ ಸಂಬಳ ಮೂರು ತಿಂಗಳು ಬಾಕಿ ಇತ್ತು, ಅದು ಯಾರ ಫೋಟೋದಲ್ಲೂ ಬರಲಿಲ್ಲ.

ಎಲ್ಲರೂ ಹಾಗೆ ಅಂತಲ್ಲ. ಒಬ್ಬ ಮೇಷ್ಟ್ರು ಬರುತ್ತಿದ್ದರು. ಪ್ರತಿ ವರ್ಷ ಬಂದು, ಮೊದಲು ಅಪ್ಪನಿಗೆ ಒಂದು ಜೊತೆ ಒಳ್ಳೇ ಶೂ ಕೊಟ್ಟು, ಆಮೇಲೆ ಹೆಜ್ಜೆ ಹಾಕುತ್ತಿದ್ದರು. ಅಪ್ಪ ಈಗಲೂ ಅವರನ್ನು ಕೇಳುತ್ತಿರುತ್ತಾರೆ.

ಬಾಯ್ಕಳಕ
@ವಾಚರ್ ಮಗ ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಗಣತಿಯಂಥ ಕೆಲಸ ಹೊರಗಿನ ಜನರಿಲ್ಲದೆ ಆಗುವುದಿಲ್ಲ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಎಣಿಸುವವರಲ್ಲಿ ಬಹುಪಾಲು ಹವ್ಯಾಸಿಗಳೇ, ಯಾರಿಗೂ ಸಂಬಳ ಇಲ್ಲ. ನಾನು ಹನ್ನೊಂದು ವರ್ಷದಿಂದ ಒಂದೇ ಕೆರೆ ಎಣಿಸುತ್ತಿದ್ದೇನೆ. ಆ ಕೆರೆಗೆ ಲೇಔಟ್ ಬಂತು, ಚರಂಡಿ ಬಂತು, ಹಕ್ಕಿ ಕಮ್ಮಿಯಾದವು. ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ, ಪುಸ್ತಕ ತೋರಿಸಿದರೆ ಸುಮ್ಮನಾಗುತ್ತಾರೆ.

ವಾಚರ್ ಮಗ
ನೀವು ಹನ್ನೊಂದು ವರ್ಷ ಒಂದೇ ಕೆರೆಗೆ ಹೋಗಿದ್ದೀರಲ್ಲ ಸಾರ್, ನಾನು ಹೇಳಿದ್ದೂ ಅದನ್ನೇ. ವರ್ಷಕ್ಕೊಂದು ಕಾಡು ನೋಡುವವರ ಬಗ್ಗೆ ನನ್ನ ತಕರಾರು.

ದನದ ಡಾಕ್ಟ್ರಮ್ಮ
ನಾನು ಪಶುವೈದ್ಯೆ, ಹೆಸರೇ ಹೇಳುವ ಹಾಗೆ ಜಾಸ್ತಿ ನೋಡುವುದು ದನಕರು. ಆದರೂ ಊರಲ್ಲಿ ಯಾರಿಗೆ ಏನು ಸಿಕ್ಕಿದರೂ ನನ್ನ ಟೇಬಲ್ಲಿಗೇ ಬರುತ್ತದೆ. ಮಗುವನ್ನು ಕರೆದುಕೊಂಡು ಹೋಗುವ ವಿಷಯದಲ್ಲಿ ನಾಲ್ಕು ಮಾತು.

ಮರಿಗೆ ಮಗುವಿನ ಕೈಯಿಂದ ಮೀನು ತಿನ್ನಿಸುವ ಆಸೆ ಬಿಟ್ಟುಬಿಡಿ. ಕಾಡುಹಕ್ಕಿ ಮನುಷ್ಯನಿಗೆ ಹೊಂದಿಕೊಂಡಷ್ಟೂ ಅದಕ್ಕೇ ಕಷ್ಟ. ಸಾಕುವವರು ಮಾತಾಡದೆ, ಮುದ್ದು ಮಾಡದೆ, ಮೀನು ಹಾಕಿ ಈಚೆ ಬರಬೇಕು. ಹೆಸರಿಡಬಾರದು. ನಮ್ಮ ಕಡೆ ಒಬ್ಬರು ಗಾಯದ ನವಿಲಿಗೆ "ರಾಜು" ಅಂತ ಹೆಸರಿಟ್ಟು ಇಡ್ಲಿ ತಿನ್ನಿಸಿ ಬೆಳೆಸಿದರು. ಅದು ಆಮೇಲೆ ಮನುಷ್ಯರನ್ನು ಕಂಡರೆ ಓಡುತ್ತಿರಲಿಲ್ಲ. ನಾಯಿ ಕಂಡರೂ ಓಡಲಿಲ್ಲ. ಮುಂದಿನದ್ದು ಬೇಡ. ಅದೂ ಅಲ್ಲದೆ ನವಿಲನ್ನು ಹಾಗೆ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಯಾವ ಕಾಡುಪ್ರಾಣಿ ಸಿಕ್ಕರೂ ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಇನ್ನೊಂದು. ಸತ್ತ ಹಕ್ಕಿ ಮುಟ್ಟಲೇಬೇಡಿ. 2017ರ ಕೊನೆಯಿಂದ 2018ರ ಶುರುವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವಲ್ಲ, ನೆನಪಿರಬಹುದು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡುಹುಳು ಸಿಕ್ಕಿದವು. ಮೀನಿನ ಮೂಲಕ ಹೋಗುವ ಹುಳು ಅದು. ಅಂದರೆ ಕಥೆ ಹಕ್ಕಿಯಲ್ಲಿಲ್ಲ, ಕೆರೆಯಲ್ಲಿದೆ.

ಹುಣಸೆಮರದ ಕೆಳಗೆ
ಆ ವರ್ಷ ನೆನೆಸಿಕೊಳ್ಳುವುದು ಬೇಡ ಮೇಡಂ. ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಒಂದು ಬಿದ್ದಿರುತ್ತಿತ್ತು. ನಮ್ಮ ಅತ್ತೆ ಮೂರು ದಿನ ಮೀನು ಸಾರು ಮಾಡಲಿಲ್ಲ.

ಮೂರನೇ ಮಹಡಿ
ನಾನು ಬೆಂಗಳೂರಿನವಳು, ಹಳ್ಳಿ ಕಥೆ ಗೊತ್ತಿಲ್ಲ. ನಮ್ಮದು ಹದ್ದಿನ ಕಥೆ. ಆಷಾಢದ ಗಾಳಿ ಶುರುವಾಯಿತು ಅಂದರೆ ನಮ್ಮ ಏರಿಯಾದಲ್ಲಿ ಗಾಳಿಪಟ. ನೈಲಾನ್ ಮಾಂಜಾವನ್ನು 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧ ಮಾಡಿದೆ. ಮಾಡಿದರೆ ಏನು, ನಮ್ಮ ಟೆರೇಸಿನ ಡಿಶ್ ಆಂಟೆನಾಗೆ ಸುತ್ತಿಕೊಂಡು ವರ್ಷ ಪೂರ್ತಿ ನೇತಾಡುತ್ತಿರುತ್ತದೆ. ಒಂದು ಸಲ ಅದರಲ್ಲಿ ಹದ್ದು ಸಿಕ್ಕಿಹಾಕಿಕೊಂಡಿತ್ತು. ರೆಕ್ಕೆಯ ಮುಂಭಾಗದಲ್ಲಿ ದಾರ ಮೂಳೆವರೆಗೆ ಇಳಿದಿತ್ತು. ಎಳೆದು ಬಿಡಿಸಲು ಹೋದವಳಿಗೆ ಫೋನಲ್ಲಿದ್ದವರು ಬೈದರು: "ಎಳೀಬೇಡಿ, ದಾರ ಈಚೆ ಕತ್ತರಿಸಿ, ಉಳಿದದ್ದು ಅಲ್ಲೇ ಇರಲಿ." ಹಳೇ ಬೆಡ್‌ಶೀಟ್ ಹಾಕಿ ತಲೆ ಮುಚ್ಚಿದೆ. ತಕ್ಷಣ ಕಲ್ಲಿನ ಹಾಗೆ ಸುಮ್ಮನಾಯಿತು. ಮಿಕ್ಸಿ ಬಂದ ರಟ್ಟಿನ ಡಬ್ಬಕ್ಕೆ ಪೆನ್ನಿನಿಂದ ತೂತು ಮಾಡಿ ಒಳಗಿಟ್ಟೆ. ನೀರು ಕುಡಿಸಬೇಡಿ, ಹಾಲು ಅನ್ನ ಅಂತೂ ಬೇಡವೇ ಬೇಡ ಅಂದರು. ಅತ್ತೆ ಅಷ್ಟರಲ್ಲಿ ಹಾಲು ಬಿಸಿ ಮಾಡಿಯಾಗಿತ್ತು 🙂

ಈಗ ನಾನೂ ಇನ್ನಿಬ್ಬರೂ ಡಬ್ಬ ಸಾಗಿಸುವ ಕೆಲಸ ಮಾಡುತ್ತೇವೆ. ಚಿಕಿತ್ಸೆ ಅಲ್ಲ, ಬರೀ ಸಾಗಣೆ. ಯಾರದ್ದೋ ಮನೆಯಿಂದ ಹಕ್ಕಿ ಡಬ್ಬ ತೆಗೆದುಕೊಂಡು ಆಸ್ಪತ್ರೆಗೆ ಮುಟ್ಟಿಸುವುದು. ಸ್ಕೂಟರಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು, ಹಾಡು ಹಾಕದೆ, ಹಾರ್ನ್ ಹೊಡೆಯದೆ. ಸಿಲ್ಕ್ ಬೋರ್ಡಿನಲ್ಲಿ ಹಾರ್ನ್ ಹೊಡೆಯದೆ ಹೋಗುವುದು ಯಾವ ತಪಸ್ಸಿಗೂ ಕಮ್ಮಿ ಅಲ್ಲ.

ಸೈಕಲ್ ಸವಾರ
ಹದ್ದು ಡಬ್ಬದಲ್ಲಿ ಗಲಾಟೆ ಮಾಡಲ್ವಾ?

ಮೂರನೇ ಮಹಡಿ
ಕತ್ತಲಿದ್ದರೆ ಮಾಡಲ್ಲ. ಒಮ್ಮೆ ಮಾತ್ರ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು "ಅಕ್ಕ, ನಿಮ್ ಡಬ್ಬ ಕೆರೀತಾ ಇದೆ" ಅಂದರು.

ದನದ ಡಾಕ್ಟ್ರಮ್ಮ
@ಮೂರನೇ ಮಹಡಿ ಸರಿಯಾಗಿ ಮಾಡಿದಿರಿ. ಎಲ್ಲರೂ ಓದುತ್ತಿದ್ದಾರೆ ಅಂತ ಇನ್ನೊಂದು ಸೇರಿಸುತ್ತೇನೆ. ನೆಲದ ಮೇಲೆ ಕಂಡ ಮರಿಯೆಲ್ಲ ಅನಾಥ ಅಲ್ಲ. ಗೊರವಂಕ, ಪಿಕಳಾರ, ಕಾಗೆ ಮರಿಗಳು ಹಾರಲು ಕಲಿಯುವಾಗ ಒಂದೆರಡು ದಿನ ನೆಲದ ಮೇಲೇ ಕುಪ್ಪಳಿಸುತ್ತಿರುತ್ತವೆ. ಅಪ್ಪ ಅಮ್ಮ ಮೇಲೆ ತಂತಿಯಲ್ಲಿ ಕೂತು ನೋಡುತ್ತಿರುತ್ತವೆ. ರೆಕ್ಕೆ ಬಲಿತು, ಕಾಲ ಮೇಲೆ ನಿಲ್ಲುತ್ತಿದ್ದರೆ, ಬೆಕ್ಕು ನಾಯಿ ಬರದ ಹಾಗೆ ಗಿಡದ ಮೇಲೆ ಕೂರಿಸಿ ಬಂದುಬಿಡಿ. ಅದನ್ನು "ರಕ್ಷಣೆ" ಅಂತ ಎತ್ತಿಕೊಂಡು ಬರುವುದು ಅಪಹರಣ.

ಹೆಜ್ಜಾರ್ಲೆ ಕಥೆ ಬೇರೆ. ಬಿದ್ದ ಮರಿಗೆ ತಾಯಿ ಕೆಳಗಿಳಿದು ಬಂದು ಉಣಿಸುವುದಿಲ್ಲ. ಅಲ್ಲಿ ಎತ್ತಲೇಬೇಕು.

ಗದಗಿನ ಗಾಳಿ
ಏನ್ರೀ, ಎಲ್ಲಾ ಮೈಸೂರು ಮಂಡ್ಯನ? ಸ್ವಲ್ಪ ಈ ಕಡೆನೂ ನೋಡ್ರಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಮಾಲಯ ದಾಟಿ. ಹಗಲು ಕೆರೆಯಲ್ಲಿ ನಿದ್ದೆ, ಕತ್ತಲಾದರೆ ಹೊಲ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರವೂ ಅದೇ ಸಲ ಸೇರಿತು. ನಮ್ಮಲ್ಲಿ ಸ್ವಯಂಸೇವಕರು ಅಂದರೆ ಸಾಲಿ ಮಾಸ್ತರು ಮತ್ತು ಅವರ ಹುಡುಗರು. ಬೈನಾಕ್ಯುಲರ್ ಒಂದೇ ಒಂದು, ಸರದಿ ಮೇಲೆ ನೋಡುವುದು.

ನಾನು ಮೊದಲ ಸಲ ಬೆಳಗಿನ ಐದೂವರೆಗೆ ಹೋಗಿದ್ದೆ. ಕೆರೆ ದಂಡೆ ಮೇಲೆ ಕೂತಿದ್ದೆವು. ಏನೂ ಕಾಣಲ್ಲ, ಬರೀ ಸದ್ದು. ಹೊಲದಿಂದ ಗುಂಪು ಗುಂಪಾಗಿ ತಿರುಗಿ ಬರುವಾಗ ತಲೆ ಮೇಲೆ "ಹಾಂಕ್ ಹಾಂಕ್" ಅಂತ. ಎಣಿಸ್ರಿ ಎಣಿಸ್ರಿ ಅಂತ ಮಾಸ್ತರು ಬೆನ್ನಿಗೆ ಗುದ್ದಿದರು. ನಾನು ನಲವತ್ತಕ್ಕೆ ನಿಂತುಬಿಟ್ಟಿದ್ದೆ, ಬಾಯಿ ಒಣಗಿತ್ತು.

ಕಾಫಿ ತೋಟ
ನಲವತ್ತಕ್ಕೆ ನಿಂತರೆ ಆಮೇಲೆ ಎಷ್ಟು ಅಂತ ಬರೆದಿರಿ?

ಗದಗಿನ ಗಾಳಿ
ಪಕ್ಕದ ಹುಡುಗ ಬರೆದಿದ್ದನ್ನು ನೋಡಿ ಬರೆದೆ. ಪರೀಕ್ಷೆಯಲ್ಲಿ ಮಾಡಿದ ಅಭ್ಯಾಸ, ಸುಳ್ಳು ಯಾಕೆ ಹೇಳಲಿ.

ಬಾಯ್ಕಳಕ
ದೇವರೇ. ಇದಕ್ಕೇ ನಾನು ಗಣತಿಗೆ ತರಬೇತಿ ಬೇಕು ಅನ್ನುವುದು. ಗುಂಪು ಹಾರುವಾಗ ಒಂದೊಂದೇ ಎಣಿಸಬಾರದು. ಮೊದಲು ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಲ್ಲಿ ಅಳತೆ ಮಾಡಿಕೊಳ್ಳಿ. ಆ ಅಳತೆಯನ್ನೇ ಗುಂಪಿನ ಮೇಲೆ ಇಟ್ಟುಕೊಂಡು ಹೋಗಿ. ರಾಗಿ ಅಳೆಯುವಾಗ ಕಾಳು ಎಣಿಸುತ್ತೀರಾ? ಸೇರಿನಲ್ಲಿ ಅಳೆಯುತ್ತೀರಿ, ಅಲ್ವಾ? ಹಾಗೆ.

ನ್ಯೂಜೆರ್ಸಿ ನಾಗರಬಾವಿ
ದೂರದಿಂದ ಒಂದು ಮಾತು. ನಾನಿರುವ ಕಡೆ ಗ್ರೇಟ್ ಸ್ವಾಂಪ್ ಅಂತ ಒಂದು ವನ್ಯಜೀವಿ ಆಶ್ರಯಧಾಮ ಇದೆ. ಆ ಜವುಗು ನೆಲದ ಮೇಲೆ ವಿಮಾನ ನಿಲ್ದಾಣ ಕಟ್ಟಲು ಹೊರಟಿದ್ದರು. ಸುತ್ತಲಿನ ಜನ ದುಡ್ಡು ಹಾಕಿ ಜಾಗ ಕೊಂಡು ಸರ್ಕಾರಕ್ಕೆ ಕೊಟ್ಟರು, 1960ರಲ್ಲಿ ಆಶ್ರಯಧಾಮ ಆಯಿತು. ಅಲ್ಲಿ ಸ್ವಯಂಸೇವೆಗೆ ಸೇರುವಾಗ ನಾನು ಜಿಂಕೆ, ನರಿ ಅಂತ ಕನಸು ಕಂಡಿದ್ದೆ. ಕೊಟ್ಟ ಕೆಲಸ ಕಳೆ ಕೀಳುವುದು. ಹೊರಗಿನಿಂದ ಬಂದು ಹಬ್ಬಿದ ಗಿಡಗಳನ್ನು ಬೇರು ಸಮೇತ ಕೀಳಬೇಕು. ಊರಲ್ಲಿ ಅಪ್ಪ ಗದ್ದೆಯ ಕಳೆ ಕೀಳಲು ಕರೆದರೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಈಗ ಏಳು ಸಮುದ್ರ ದಾಟಿ ಬಂದು ಪುಕ್ಕಟೆ ಕೀಳುತ್ತಿದ್ದೇನೆ. ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಅರ್ಧ ಗಂಟೆ ನಕ್ಕರು.

ಮದ್ದೂರು ಎಕ್ಸ್‌ಪ್ರೆಸ್
ಲಂಟಾನ ಕೀಳಲು ಬಂಡೀಪುರಕ್ಕೂ ಬನ್ನಿ ಸಾರ್, ಏಳು ಜನ್ಮಕ್ಕೆ ಸಾಕಾಗುವಷ್ಟಿದೆ.

ಕಾಫಿ ತೋಟ
ರಂಗನತಿಟ್ಟಿನಲ್ಲಿ ಪ್ರವಾಹ ಇಳಿದ ಮೇಲೆ ಪ್ಲಾಸ್ಟಿಕ್ ಎತ್ತಲು ಹೋಗಬಹುದಾ ಅಂತ ನಮ್ಮ ಕಾಲೇಜಿನ ಹುಡುಗರು ಕೇಳುತ್ತಿದ್ದರು. ದಡದ ಪೊದೆಗಳಲ್ಲೆಲ್ಲ ಕವರು ನೇತಾಡುತ್ತಿರುತ್ತದೆ.

ಬಾಯ್ಕಳಕ
ದಡದಲ್ಲಿ, ಇಲಾಖೆಯವರು ಕರೆದಾಗ, ಅವರು ಜೊತೆಗಿದ್ದಾಗ ಮಾತ್ರ. ನೀರಿಗೆ ಇಳಿಯುವ ಯೋಚನೆ ಬೇಡ. ಬಂಡೆ ಮೇಲೆ ಬಾಯಿ ತೆರೆದು ಮಲಗಿರುವವು ಮರದ ದಿಮ್ಮಿಗಳಲ್ಲ, ಮೊಸಳೆಗಳು.

ಸೈಕಲ್ ಸವಾರ
ಮೊಸಳೆಗಳೂ ಸ್ವಯಂಸೇವಕರಿಗಾಗಿ ಕಾಯುತ್ತಿರುತ್ತವೆ.

ಮದ್ದೂರು ಎಕ್ಸ್‌ಪ್ರೆಸ್
@ಭಾನುವಾರದವನು ದಾರಿ ಹೇಳುತ್ತೇನೆ. ಹೊಸ ಹೆದ್ದಾರಿಯಲ್ಲಿ ಹೋದರೆ ಸೀದಾ ಮುಂದೆ ಹೋಗಿಬಿಡುತ್ತೀರಿ, ಹುಷಾರು. ಚನ್ನಪಟ್ಟಣ ದಾಟಿದ ಮೇಲೆ ಸರ್ವಿಸ್ ರಸ್ತೆಗೆ ಇಳಿದುಕೊಳ್ಳಿ. ಮದ್ದೂರಿಗೆ ಮೊದಲೇ ರುದ್ರಾಕ್ಷಿಪುರ ಸಿಗುತ್ತದೆ, ಅಲ್ಲಿ ಎಡಕ್ಕೆ. ಅಲ್ಲಿಂದ ಒಂದು ಹತ್ತು ಹನ್ನೆರಡು ಕಿಲೋಮೀಟರ್. ಬೈಕಾದರೆ ಹೇಗಿದ್ದರೂ ಸರ್ವಿಸ್ ರಸ್ತೆಯೇ ಗತಿ, 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು ಬಿಡುತ್ತಿಲ್ಲ.

ಬರುವಾಗ ಮದ್ದೂರಿಗೆ ಹೋಗಿ ವಡೆ ತಿನ್ನದೆ ಬಂದರೆ ನಿಮ್ಮ ಸೇವೆ ಲೆಕ್ಕಕ್ಕಿಲ್ಲ.

ಕಾಫಿ ತೋಟ
ಈಗಿನ ಮದ್ದೂರು ವಡೆ ಹೆಸರಿಗೆ ಮಾತ್ರ. ರೈಲಲ್ಲಿ ಬಾಳೆಲೆ ಚೂರಿನಲ್ಲಿ ಕೊಡುತ್ತಿದ್ದ ಕಾಲ ಹೋಯಿತು.

ಮದ್ದೂರು ಎಕ್ಸ್‌ಪ್ರೆಸ್
ಹೆಸರಿಗೆ ಮಾತ್ರನಾ? ಈರುಳ್ಳಿ, ರವೆ, ಅಕ್ಕಿಹಿಟ್ಟು, ಮೈದಾ, ಕರಿಬೇವು, ಅದೇ ಹದ. ನಿಮ್ಮ ಹಲ್ಲು ಬದಲಾಗಿರಬೇಕು.

ಹುಣಸೆಮರದ ಕೆಳಗೆ
ವಡೆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ, ದಯವಿಟ್ಟು. ಹೊಟ್ಟೆ ಹಸಿಯುತ್ತದೆ.

ಒಂದು ಗಂಭೀರ ವಿಷಯ ಬಿಟ್ಟುಹೋಗಿದೆ. ಎಲ್ಲರೂ ಮರಿ, ಗಣತಿ ಅನ್ನುತ್ತಿದ್ದೀರಿ. ನಿಜವಾದ ಆತಂಕ ಮರದ್ದು. ಮಗನಿಗೆ ಮದುವೆ, ಮನೆಗೆ ಒಂದು ಕೋಣೆ ಸೇರಿಸಬೇಕು, ಅಡ್ಡ ಇರುವುದು ಅಜ್ಜ ನೆಟ್ಟ ಹುಣಸೆಮರ. ಕಡಿಯಬೇಡಿ ಅಂತ ಹೊರಗಿನವರು ಬಂದು ಭಾಷಣ ಮಾಡಿದರೆ ಆ ಮನೆಯವರಿಗೆ ಹೇಗಿರುತ್ತದೆ? "ನಿಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ಪಾರಿವಾಳ ಬಂದರೆ ಬಲೆ ಹಾಕಿಸ್ತೀರ" ಅಂತ ನಮ್ಮ ಚಿಕ್ಕಪ್ಪ ಒಬ್ಬರ ಮುಖಕ್ಕೇ ಹೇಳಿದ್ದರು. ತಪ್ಪೇನಿದೆ?

ಮೂರನೇ ಮಹಡಿ
ನಮ್ಮ ಬಾಲ್ಕನಿಗೆ ಬಲೆ ಇದೆ. ಒಪ್ಪಿಕೊಂಡೆ.

ಬಾಯ್ಕಳಕ
ಅದಕ್ಕೇ ಈ ಊರು ವಿಶೇಷ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ಹಕ್ಕಿಗಳ ಬಗ್ಗೆ ಹೊರಗಿನವರಿಗೆ ತಿಳಿಸಿದರು. ಅಲ್ಲಿವರೆಗೆ ಕಾಯ್ದವರು ಯಾರು? ಮೀಸಲು ಇರಲಿಲ್ಲ, ಪರಿಹಾರ ಇರಲಿಲ್ಲ. ಆದರೂ ಮರ ಇದ್ದವು.

ಸೈಕಲ್ ಸವಾರ
ಮತ್ತೆ ಹೆಜ್ಜಾರ್ಲೆ ಆ ಚೀಲದಲ್ಲಿ ಮೀನು ತುಂಬಿಕೊಂಡು ಬಂದು ಮರಿಗೆ ಕೊಡುತ್ತದಲ್ಲ, ಎಷ್ಟು ಕೆಜಿ ಹಿಡಿಯಬಹುದು?

ಬಾಯ್ಕಳಕ
ಚೀಲದಲ್ಲಿ ತುಂಬಿಕೊಂಡು ಹಾರುವುದಿಲ್ಲ. ಚೀಲ ಬಲೆ ಇದ್ದ ಹಾಗೆ, ಬಾಚಿಕೊಳ್ಳಲು ಮಾತ್ರ. ನೀರು ಬಸಿದು ಮೀನನ್ನು ನುಂಗುತ್ತದೆ. ಗೂಡಿಗೆ ಬಂದ ಮೇಲೆ ಹೊಟ್ಟೆಯಿಂದ ಕಕ್ಕಿ ಕೊಡುತ್ತದೆ. ಮರಿ ತಲೆಯನ್ನೇ ಒಳಗೆ ತೂರಿಸಿ ತಿನ್ನುತ್ತದೆ.

ಸೈಕಲ್ ಸವಾರ
ಊಟ ಮಾಡುತ್ತಾ ಓದಬಾರದಿತ್ತು.

ಭಾನುವಾರದವನು
ಎಲ್ಲರಿಗೂ ಧನ್ಯವಾದ. ಮೂರು ವಾರ ಸುಮ್ಮನಿದ್ದೆ, ಯಾಕೆಂದರೆ ಹೋಗಿ ಬಂದು ಬರೆಯೋಣ ಅಂತ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿದೆ, ಹೀಗೆ ಬರುತ್ತೇವೆ ಅಂತ ತಿಳಿಸಿದೆ. ಆಮೇಲೆ ಹುಣಸೆಮರದವರು ಹೇಳಿಕೊಟ್ಟ ಮನೆಗೆ. ಎರಡು ಭಾನುವಾರ ಹೋದೆವು.

ಮೊದಲ ಭಾನುವಾರ ಆ ಮನೆಯ ಅಜ್ಜಿ ನಮ್ಮನ್ನು ನಂಬಲಿಲ್ಲ. "ಗುಡಿಸೋಕೆ ಬೆಂಗಳೂರಿಂದ ಬಂದ್ರಾ?" ಅಂತ ಎರಡು ಸಲ ಕೇಳಿದರು. ನಾನು ಪೊರಕೆ ತೆಗೆದುಕೊಂಡ ಮೇಲೆ "ಅಂಗಲ್ಲ, ಕೊಡಿಲ್ಲಿ" ಅಂತ ಕಿತ್ತುಕೊಂಡು ತೋರಿಸಿದರು. ಹಿಕ್ಕೆ ಹಸಿ ಇರುವಾಗ ಗುಡಿಸಿದರೆ ಬಳಿದುಕೊಳ್ಳುತ್ತದೆ. ಬೂದಿ ಎರಚಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಲಿಕೆಯಲ್ಲಿ ಕೆರೆದು ಎತ್ತಬೇಕು. ಹನ್ನೊಂದು ಮಂಕರಿ ಎತ್ತಿದೆವು. ತೆಂಗಿನ ಬುಡಕ್ಕೆ ಹಾಕಿದೆವು. ಮಧ್ಯೆ ಒಂದು ಅರ್ಧ ಜೀರ್ಣವಾದ ಜಿಲೇಬಿ ಮೀನು ನನ್ನ ಟೋಪಿ ಮೇಲೆ ಬಿತ್ತು. ಮಗಳು ನಕ್ಕ ನಗು ಅಪ್ಪ ಆಗಿ ಹತ್ತು ವರ್ಷಕ್ಕೆ ಕೇಳಿರಲಿಲ್ಲ.

ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ದೊಡ್ಡ ಹಕ್ಕಿಗಳು ಸದ್ದೇ ಮಾಡುವುದಿಲ್ಲ. ಸದ್ದೆಲ್ಲ ಮರಿಗಳದ್ದು. ದಿನ ಪೂರ್ತಿ ತಲೆ ಮೇಲೆ ಅದೇ ಗಲಾಟೆ. ಅಜ್ಜಿಗೆ ಅದು ಕೇಳಿಸುವುದೇ ಇಲ್ಲ. ಜೂನ್‌ನಲ್ಲಿ ಹಕ್ಕಿ ಹೋದ ಮೇಲೆ ನಿದ್ದೆ ಬರಲ್ಲ ಅಂದರು.

ಎರಡನೇ ಭಾನುವಾರ ಬಾಯ್ಕಳಕ ಸರ್ ಹೇಳಿದ ಹಾಗೆ ಗೂಡು ಎಣಿಸಿದೆವು. ಒಂದೇ ಮರ, ನಾನು ಹದಿನಾಲ್ಕು ಅಂದೆ, ಮಗಳು ಹದಿನೇಳು. ಮತ್ತೆ ಸುತ್ತು ಹಾಕಿದೆವು. ಹದಿನೇಳೇ. ನಾನು ಕೊಂಬೆಯ ಹಿಂಬದಿ ನೋಡಿರಲಿಲ್ಲ. ಅಜ್ಜಿ ಕೆಳಗೆ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತದೆ ಹೇಳಿದರು: "ಹದ್ನೆಂಟು. ಕೋಳಿಗೂಡಿನ ಮೇಲ್ಗಡೆ ಒಂದದೆ, ನೋಡಿ." ಇತ್ತು.

ಮರಿ ಮುಟ್ಟಲಿಲ್ಲ. ಬೇಲಿ ಹತ್ತಿರವೂ ಹೋಗಲಿಲ್ಲ. ಮಗಳು ಒಂದು ಸಲ ಮುಖ ಸಪ್ಪೆ ಮಾಡಿಕೊಂಡಳು, ಆಮೇಲೆ ಮಂಕರಿ ಲೆಕ್ಕದಲ್ಲಿ ಮರೆತಳು.

ಹುಣಸೆಮರದ ಕೆಳಗೆ
ಅಜ್ಜಿ ನನಗೆ ಫೋನ್ ಮಾಡಿದ್ದರು. "ನಿನ್ನ ಬೆಂಗಳೂರಿನೋರು ಸಲಿಕೆ ಹಿಡಿಯೋದು ನೋಡಕ್ಕಾಗಲ್ಲ, ಮಗು ಪರವಾಗಿಲ್ಲ" ಅಂದರು. ಇದು ನಮ್ಮ ಕಡೆ ದೊಡ್ಡ ಹೊಗಳಿಕೆ.

ವಾಚರ್ ಮಗ
ಹನ್ನೊಂದು ಮಂಕರಿ ಅಂದರೆ ತಮಾಷೆ ಅಲ್ಲ. ನನ್ನ ಮೊದಲ ಮಾತನ್ನು ನಿಮ್ಮ ಮಟ್ಟಿಗೆ ವಾಪಸ್ ತೆಗೆದುಕೊಂಡೆ. ಉಳಿದವರಿಗೆ ಹಾಗೇ ಇರಲಿ.

ದನದ ಡಾಕ್ಟ್ರಮ್ಮ
ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಿರಾ? ಒಣ ಹಿಕ್ಕೆಯ ಧೂಳು ಒಳ್ಳೆಯದಲ್ಲ. ಮಗುವಿಗೆ ಮಾಸ್ಕ್ ಹಾಕಿಸಿ, ಕೈಕಾಲು ಸೋಪು ಹಾಕಿ ತೊಳೆಸಿ, ಆಮೇಲೆ ವಡೆ.

ಭಾನುವಾರದವನು
ಮಾಸ್ಕ್ ಮೊದಲ ಸಲ ಇರಲಿಲ್ಲ ಮೇಡಂ, ಮುಂದಿನ ಸಲ ಖಂಡಿತ. ವಡೆ ತಿಂದೆವು. ಚೆನ್ನಾಗಿತ್ತು.

ಮದ್ದೂರು ಎಕ್ಸ್‌ಪ್ರೆಸ್
@ಕಾಫಿ ತೋಟ ಓದಿದಿರಾ?

ಕಾಫಿ ತೋಟ
ಹನ್ನೊಂದು ಮಂಕರಿ ಎತ್ತಿದ ಮೇಲೆ ಇಟ್ಟಿಗೆ ಕೊಟ್ಟರೂ ಚೆನ್ನಾಗಿರುತ್ತದೆ.

ಮೂರನೇ ಮಹಡಿ
ಮುಂದಿನ ಸಲ ಹೋಗುವಾಗ ಕಾರಲ್ಲಿ ಒಂದು ಜಾಗ ಇದೆಯಾ? ಕೆಂಗೇರಿ ಮೆಟ್ರೋ ಹತ್ತಿರ ಬಂದು ನಿಲ್ಲುತ್ತೇನೆ. ಸಲಿಕೆ ಹಿಡಿದು ಗೊತ್ತಿಲ್ಲ.

ಭಾನುವಾರದವನು
ಇದೆ. ಬೆಳಿಗ್ಗೆ ಐದೂಮುಕ್ಕಾಲು. ಹಳೇ ಬಟ್ಟೆ, ಹಳೇ ಟೋಪಿ. ವಾಪಸ್ ಬರುವಾಗ ಕಿಟಕಿ ಎಲ್ಲ ತೆಗೆದೇ ಇರುತ್ತದೆ, ಈಗಲೇ ಹೇಳಿಬಿಟ್ಟೆ.